ಮೂರು ಸಿಲಿಂಡರೋ, ನಾಲ್ಕೋ?

2024ರ ಮೇ ತಿಂಗಳಲ್ಲಿ ಭಾರತದ ಮಾರುಕಟ್ಟೆಗೆ ಬಂದ ಮಾರುತಿ ಸ್ವಿಫ್ಟ್ ಕಾರಿನ ಎಂಜಿನ್‌ಗೆ ಮೂರು ಸಿಲಿಂಡರುಗಳು. ಅದರ ಹಿಂದಿನ ಮಾದರಿಗೆ ನಾಲ್ಕಿದ್ದವು. ಎರಡರ ಗಾತ್ರವೂ 1197 ಘನ ಸೆಂಟಿಮೀಟರ್. 'ಬೆಸ ಸಂಖ್ಯೆಯ ಸಿಲಿಂಡರುಗಳಿಗೆ ಸಮತೋಲವಿಲ್ಲ, ಅದಕ್ಕೇ ನಡುಕ' ಎಂಬ ಮಾತು ಕೊಳ್ಳುವವರಲ್ಲಿ ಕೇಳಿಬರುತ್ತದೆ. ನಡುಕ ನಿಜ; ಕಾರಣ ಬೇರೆ. (1983ರಲ್ಲಿ ಬಂದ ಮಾರುತಿ 800 ಕೂಡ ಮೂರು ಸಿಲಿಂಡರಿನದೇ ಎಂಬುದನ್ನು ಹಲವರು ಮರೆತಿದ್ದಾರೆ.)

ನಾಲ್ಕು ಸ್ಟ್ರೋಕ್ ಎಂಜಿನ್‌ನಲ್ಲಿ ಕ್ರ್ಯಾಂಕ್ ದಂಡ ಎರಡು ಸುತ್ತು, ಎಂದರೆ 720 ಡಿಗ್ರಿ ತಿರುಗುವಷ್ಟರಲ್ಲಿ ಪ್ರತಿ ಸಿಲಿಂಡರಿನಲ್ಲೂ ಒಮ್ಮೆ ಇಂಧನ ಉರಿಯುತ್ತದೆ. ನಾಲ್ಕಿದ್ದರೆ 180 ಡಿಗ್ರಿಗೊಂದು ದಹನ. ಒಂದು ಪಿಸ್ಟನ್ನಿನ ತಳ್ಳುವಿಕೆ ಮುಗಿಯುತ್ತಿದ್ದಂತೆ ಇನ್ನೊಂದರದು ಆರಂಭ. ಮೂರಿದ್ದರೆ 240 ಡಿಗ್ರಿಗೊಂದು. ನಡುವೆ 60 ಡಿಗ್ರಿಯಷ್ಟು ತಳ್ಳುವವರೇ ಇಲ್ಲ. ಆ ಹೊತ್ತಿನಲ್ಲಿ ದಂಡವನ್ನು ತಿರುಗಿಸುವುದು ಫ್ಲೈವೀಲಿನ ಜಡತ್ವ. ಸಿಗ್ನಲ್ಲಿನಲ್ಲಿ ನಿಂತಾಗ ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುತ್ತಿದ್ದರೆ ನಾಲ್ಕರಲ್ಲಿ ಸೆಕೆಂಡಿಗೆ ಸುಮಾರು 27 ದಹನ, ಮೂರರಲ್ಲಿ 20. ಸೀಟಿಗೆ ತಲುಪುವ ನಡುಕ ಮುಖ್ಯವಾಗಿ ಇದೇ.

ಇನ್ನು ಸಮತೋಲ. ಪಿಸ್ಟನ್ನಿನದು ಶುದ್ಧ ಸರಳ ಸಂಗತ ಚಲನೆಯಲ್ಲ. ಸಂಪರ್ಕ ದಂಡದ ಉದ್ದ ಸೀಮಿತವಾದ್ದರಿಂದ ಜಡತ್ವ ಬಲದಲ್ಲಿ cos θ ಪದದೊಂದಿಗೆ ಚಿಕ್ಕದೊಂದು cos 2θ ಪದವೂ ಸೇರುತ್ತದೆ. ನಾಲ್ಕು ಸಿಲಿಂಡರಿನ ಕ್ರ್ಯಾಂಕ್ ಕೋನಗಳು 0, 180, 180, 0. ಮೊದಲ ಪದದ ಮೊತ್ತ ಸೊನ್ನೆ. ಎರಡನೆಯದು ಮಾತ್ರ ನಾಲ್ಕೂ ಕಡೆ ಒಂದೇ ದಿಕ್ಕಿನಲ್ಲಿ ಸೇರಿ ನಾಲ್ಕು ಪಟ್ಟಾಗುತ್ತದೆ! ಮೂರರ ಕೋನಗಳು 0, 120, 240. ಎರಡೂ ಮೊತ್ತಗಳು ಸೊನ್ನೆ. ವಿದ್ಯಾರ್ಥಿಗಳು ಕೂಡಿ ನೋಡಬಹುದು. ಮೇಲೆ ಕೆಳಗೆ ಎಳೆಯುವ ಬಲದ ಮಟ್ಟಿಗೆ ಬೆಸ ಸಂಖ್ಯೆಯೇ ಮೇಲು.

ಆದರೆ ಈ ಬಲಗಳು ಒಂದೇ ಬಿಂದುವಿನಲ್ಲಿಲ್ಲ, ದಂಡದ ಉದ್ದಕ್ಕೂ ಹಂಚಿವೆ. ಮೂರರಲ್ಲಿ ಒಂದು ತುದಿ ಏರಿದರೆ ಇನ್ನೊಂದು ಇಳಿಯುವಂಥ ಬಲಯುಗ್ಮ ಉಳಿಯುತ್ತದೆ. ಇದನ್ನು ತಗ್ಗಿಸಲು ಕೆಲವರು ವಿರುದ್ಧ ದಿಕ್ಕಿನಲ್ಲಿ ತಿರುಗುವ ಸಮತೋಲ ದಂಡ ಹಾಕುತ್ತಾರೆ. ಫೋರ್ಡ್ ಕಂಪನಿ 2012ರ ತನ್ನ ಒಂದು ಲೀಟರ್ ಎಂಜಿನ್‌ನಲ್ಲಿ ಫ್ಲೈವೀಲನ್ನೂ ಪುಲ್ಲಿಯನ್ನೂ ಬೇಕೆಂದೇ ಅಸಮತೋಲಗೊಳಿಸಿತು. ಜಾಣತನವೆಂದರೆ ಇದು.

ಲಾಭವೇನು? 1200 ಘನ ಸೆಂಟಿಮೀಟರನ್ನು ಮೂರಾಗಿ ಹಂಚಿದರೆ ತಲಾ 400, ನಾಲ್ಕಾಗಿ ಹಂಚಿದರೆ 300. ಆಕಾರ ಒಂದೇ ಆಗಿದ್ದರೆ ಒಟ್ಟು ಗೋಡೆಯ ವಿಸ್ತೀರ್ಣ ಮೂರರಲ್ಲಿ ಶೇಕಡ 9ರಷ್ಟು ಕಡಿಮೆ. ಅಷ್ಟು ಶಾಖ ಉಳಿಯುತ್ತದೆ. ಉಜ್ಜುವ ರಿಂಗು, ಬೇರಿಂಗುಗಳೂ ಕಡಿಮೆ. ಸ್ವಿಫ್ಟ್‌ನ ಘೋಷಿತ ಮೈಲೇಜ್ ಲೀಟರಿಗೆ 22.38ರಿಂದ 24.8 ಕಿಲೋಮೀಟರಿಗೆ ಏರಿತು. ಗರಿಷ್ಠ ಸಾಮರ್ಥ್ಯ 66ರಿಂದ 60 ಕಿಲೋವ್ಯಾಟಿಗೆ ಇಳಿಯಿತು. ಇದೆಲ್ಲವೂ ಸಿಲಿಂಡರಿನ ಎಣಿಕೆಯಿಂದಲೇ ಎನ್ನಲಾಗದು, ಎಂಜಿನ್ ಇಡಿಯಾಗಿ ಹೊಸದು. ಊರೊಳಗೆ ಓಡುವ ಸಂಸಾರದ ಕಾರಿಗೆ ಈ ವಿನಿಮಯ ನಷ್ಟವಲ್ಲವೆಂದು ನನ್ನ ಅಭಿಪ್ರಾಯ.

ಎರಡು ಮೂರು-ಸಿಲಿಂಡರ್ ಎಂಜಿನ್‌ಗಳನ್ನು ಕನ್ನಡಿ ಬಿಂಬದಂತೆ ಬೆನ್ನಿಗೆ ಬೆನ್ನು ಜೋಡಿಸಿದರೆ ಬಲಯುಗ್ಮವೂ ರದ್ದಾಗುತ್ತದೆ. ಆರು ಸಿಲಿಂಡರಿನ ಸಾಲು ಎಂಜಿನ್ ಅಷ್ಟು ನುಣುಪಾಗಿ ಓಡುವುದು ಹೀಗೆ. ಆದರೆ ಚಿಕ್ಕ ಕಾರಿನ ಬಾನೆಟ್ಟಿನಡಿ ಅಡ್ಡಲಾಗಿ ಕೂರಿಸಲು ಅದು ತೀರ ಉದ್ದ.