ನಿಮಗಿದು ಗೊತ್ತೆ? ಆಡಿ ಬಂದವರೇ ಕಲಿಸಿದಾಗ

ಇಂಡಿಯನ್ ವಿಮೆನ್ಸ್ ಲೀಗ್‌ನ 2019–20ರ ಟೂರ್ನಿಗೆ ಬೆಂಗಳೂರಿಗೆ ಬಂದ ತಂಡಗಳಲ್ಲಿ ವಡೋದರಾದ ಬರೋಡಾ ಫುಟ್‌ಬಾಲ್ ಅಕಾಡೆಮಿಯೂ ಒಂದು. ಕಪ್ ಮಾತ್ರ ಗೋಕುಲಂ ಕೇರಳದ ಪಾಲಾಯಿತು. 2020ರ ಫೆಬ್ರುವರಿ 14ರ ಫೈನಲ್‌ನಲ್ಲಿ ಮಣಿಪುರದ ಕ್ರಿಫ್ಸಾ ವಿರುದ್ಧ ಸ್ಕೋರು 2–2 ಆಗಿ ನಿಂತಿದ್ದಾಗ, 87ನೇ ನಿಮಿಷದಲ್ಲಿ ನೇಪಾಳದ ಸಬಿತ್ರಾ ಭಂಡಾರಿ ಗೆಲುವಿನ ಗೋಲು ಹೊಡೆದರು. ಗೋಕುಲಂ ಕೋಚ್ ಪಿ.ವಿ. ಪ್ರಿಯಾ ಸ್ವತಃ ಆಡಿ ಬಂದವರು. ಆಡಿ ಬಂದವರು ಕೋಚ್ ಆಗಿ ಗೆಲ್ಲುವುದನ್ನು ಅದೃಷ್ಟ ಎನ್ನುವಂತಿಲ್ಲ. 2019ರಲ್ಲಿ ಬಿರಾಟ್‌ನಗರದಲ್ಲಿ ನೇಪಾಳವನ್ನು 3–1ರಿಂದ ಸೋಲಿಸಿ ದಕ್ಷಿಣ ಏಷ್ಯಾ ದೇಶಗಳ ಸ್ಯಾಫ್ ಕಪ್ ಗೆದ್ದ ಭಾರತ ಮಹಿಳಾ ತಂಡದ ಕೋಚ್, ಗೋವಾದ ಮೇಮೋಲ್ ರಾಕಿಯೂ ಮಾಜಿ ಆಟಗಾರ್ತಿಯೇ.

ಆಡಿದವರೆಲ್ಲ ಕಲಿಸಬಲ್ಲರೇ? ಖಂಡಿತ ಇಲ್ಲ. ಕೋಚಿಂಗ್ ಲೈಸೆನ್ಸಿಗೆ ಬೇರೆಯೇ ಓದಿದೆ, ಪರೀಕ್ಷೆಯಿದೆ. ಆದರೆ ಆ ಓದೂ ಆಟದ ಅನುಭವವೂ ಒಂದೆಡೆ ಸೇರಿದರೆ ಏನಾಗುತ್ತದೆಂಬುದಕ್ಕೆ ಸರೀನಾ ವೀಗ್‌ಮನ್ ಸಾಕ್ಷಿ: ನೆದರ್ಲೆಂಡ್ಸ್ ಪರ ಆಡಿದ ಅವರು ಕೋಚ್ ಆಗಿ 2017, 2022, 2025ರ ಮಹಿಳಾ ಯೂರೋ ಕಪ್‌ಗಳನ್ನು ಗೆದ್ದರು. ಬರೋಡಾ ಅಕಾಡೆಮಿ ಇರುವ ಗುಜರಾತಿನಲ್ಲೂ ಇಂಥ ಕೋಚ್‌ಗಳು ಬೆಳೆಯಲು ನೆಪವೊಂದು ಒದಗಿತ್ತು. 2020ರ ಹದಿನೇಳು ವರ್ಷದೊಳಗಿನವರ ಮಹಿಳಾ ವಿಶ್ವಕಪ್‌ಗೆ ಅಹಮದಾಬಾದೂ ಆತಿಥೇಯ ನಗರವಾಗಿ ಆಯ್ಕೆಯಾಗಿತ್ತು. ಆದರೆ ಕೋವಿಡ್‌ನಿಂದ ಟೂರ್ನಿಯೇ ರದ್ದಾಯಿತು. 2022ರಲ್ಲಿ ಅದು ಭಾರತಕ್ಕೆ ಮರಳಿದಾಗ ಪಂದ್ಯಗಳು ನಡೆದದ್ದು ಭುವನೇಶ್ವರ, ಮಡಗಾಂವ್ ಮತ್ತು ನವಿ ಮುಂಬೈಯಲ್ಲಿ.