ಬೆಂಕಿಪೊಟ್ಟಣದೊಳಗಿನ ಬಣ್ಣ

ಮುಂಬಯಿಯ ರಾತ್ರಿಯ ಸ್ಲೋ ಲೋಕಲ್ ರೈಲು ಮುಂಬ್ರಾದ ಗುಡ್ಡ ಬಳಸಿ, ದಿವಾ, ಕೋಪರ್ ದಾಟಿ ಡೊಂಬಿವಲಿಗೆ ಬರುವಾಗ ಹಳಿಯ ಎರಡೂ ಬದಿ ಕಿಟಕಿಗಳದೇ ಸಾಲು. ಕಬ್ಬಿಣದ ಸರಳು, ಒಣಹಾಕಿದ ಸೀರೆ, ಟಿವಿಯ ನೀಲಿ ಬೆಳಕು. ಯಾವುದೋ ಒಂದರಲ್ಲಿ ಅಜ್ಜಿಯೊಬ್ಬಳೇ ಕೂತಿರುತ್ತಾಳೆ. ಆಗೆಲ್ಲ ನನಗೆ ಆನಿಮೇಷನ್ ಚಿತ್ರಗಳ ನಿರ್ದೇಶಕಿ ಗೀತಾಂಜಲಿ ರಾವ್ ನೆನಪಾಗುತ್ತಾರೆ.

ಅವರ 'ಪ್ರಿಂಟೆಡ್ ರೇನ್‌ಬೋ' 15 ನಿಮಿಷದ ಚಿತ್ರ. ಅಲ್ಲಿಯೂ ಇಂಥದೇ ಫ್ಲ್ಯಾಟು, ಇಂಥದೇ ಅಜ್ಜಿ, ಜೊತೆಗೊಂದು ಬೆಕ್ಕು. ದಿನವೆಲ್ಲ ಬೂದು ಬಣ್ಣ. ಕೂಡಿಟ್ಟ ಬೆಂಕಿಪೊಟ್ಟಣಗಳಲ್ಲಿ ಒಂದನ್ನು ದಿಟ್ಟಿಸಿದರೆ ಸಾಕು, ಮೇಲಿನ ಚಿತ್ರವೇ ಬಾಗಿಲಾಗುತ್ತದೆ. ಅಜ್ಜಿ, ಬೆಕ್ಕು ಇಬ್ಬರೂ ಬಣ್ಣದೊಳಕ್ಕೆ ಇಳಿಯುತ್ತಾರೆ. ತೆರೆಯ ಮೇಲೆ ಸೆಕೆಂಡಿಗೆ 24 ಚೌಕಟ್ಟು ಓಡುತ್ತವೆ, 15 ನಿಮಿಷಕ್ಕೆ 21,600. ಒಂದೊಂದು ಚಿತ್ರವನ್ನು ಎರಡೆರಡು ಚೌಕಟ್ಟಿಗೆ ಬಳಸಿದರೂ ಬರೆಯಬೇಕಾದ ಚಿತ್ರಗಳು ಹತ್ತು ಸಾವಿರ ಮೀರುತ್ತವೆ. ಬೆಕ್ಕು ಬಾಲ ಆಡಿಸಬೇಕೆಂದರೆ ಆ ಬಾಲವನ್ನು ಕೂದಲೆಳೆಯಷ್ಟು ಸರಿಸಿ ಸರಿಸಿ ಮತ್ತೆ ಬರೆಯಬೇಕು. ಕಥೆ, ನಿರ್ದೇಶನ, ಆನಿಮೇಷನ್ ಎಲ್ಲ ಅವರದೇ. 2006ರಲ್ಲಿ ಕಾನ್ ಚಿತ್ರೋತ್ಸವದ ವಿಮರ್ಶಕರ ಸಪ್ತಾಹದಲ್ಲಿ ಅದು ಅತ್ಯುತ್ತಮ ಕಿರುಚಿತ್ರವಾಯಿತು.

ಗೀತಾಂಜಲಿ ಮುಂಬಯಿಯಲ್ಲೇ ಹುಟ್ಟಿದವರು. ಈ ಲೋಕಲ್ ಹೊರಡುವ ಸಿಎಸ್‌ಎಂಟಿ ನಿಲ್ದಾಣದ ಪಕ್ಕದಲ್ಲೇ ಇರುವ ಜೆ.ಜೆ. ಕಲಾಶಾಲೆಯಲ್ಲಿ ಓದಿ 1994ರಲ್ಲಿ ಹೊರಬಂದರು. ಸತ್ಯದೇವ್ ದುಬೆಯವರ ನಾಟಕಗಳಲ್ಲಿ ನಟಿಸಿದರು, ರಾಮ್ ಮೋಹನ್ ಅವರ ಸ್ಟುಡಿಯೋದಲ್ಲಿ ಆನಿಮೇಷನ್ ಕಲಿತರು. ಮಕ್ಕಳ ಆಟಿಕೆಯೆಂದು ನಾವು ಬದಿಗಿಟ್ಟ ಕಲೆಯಲ್ಲಿ ದೊಡ್ಡವರ ಒಂಟಿತನವನ್ನು ಬರೆದರು. ಇಂಥ ಚಿತ್ರಗಳಿಗೆ ಹಣ ಹಾಕುವವರು ನಮ್ಮಲ್ಲಿ ಎಷ್ಟು ಜನ!

ಮೊದಲ ಪೂರ್ಣಾವಧಿ ಚಿತ್ರ 'ಬಾಂಬೆ ರೋಸ್'ಗೆ ವರ್ಷಗಳೇ ಹಿಡಿದವು. ಸುಮಾರು 60 ಕಲಾವಿದರು 18 ತಿಂಗಳು ಕೂತು ಒಂದೊಂದೇ ಚೌಕಟ್ಟಿಗೆ ಬಣ್ಣ ತುಂಬಿದರು. 2019ರಲ್ಲಿ ವೆನಿಸ್‌ನ ವಿಮರ್ಶಕರ ಸಪ್ತಾಹ ಅದರಿಂದಲೇ ಆರಂಭವಾಯಿತು. ಅದರ ನಾಯಕಿ ಕಮಲಾ ಹೂ ಮಾರುವವಳು, ಬಾಲ್ಯವಿವಾಹದಿಂದ ತಪ್ಪಿಸಿಕೊಂಡು ಊರು ಬಿಟ್ಟು ಬಂದವಳು.

ಮೊನ್ನೆ ರೈಲಿಳಿದು ಡೊಂಬಿವಲಿ ಸ್ಟೇಷನ್ನಿನ ಹೊರಗೆ ಹೂ ಕಟ್ಟುವಾಕೆಯ ಎದುರು ಸುಮ್ಮನೆ ನಿಂತೆ. ಎರಡು ಮೊಗ್ಗು ಇತ್ತ, ಎರಡು ಅತ್ತ, ದಾರದ ಒಂದು ಸುತ್ತು, ಹೆಬ್ಬೆರಳಿನ ಒತ್ತು, ಗಂಟು. ರೆಪ್ಪೆ ಮಿಟುಕಿಸುವಷ್ಟರಲ್ಲಿ ಮುಗಿಯಿತು. ಬರೆಯಲು ಕೂತವರಿಗೆ ಇದು ಹತ್ತಾರು ಚಿತ್ರ. "ಎಷ್ಟು ಮೊಳ ಬೇಕು?" ಎಂದು ಆಕೆ ಮರಾಠಿಯಲ್ಲಿ ಕೇಳುವವರೆಗೂ ನಾನು ಆ ಬೆರಳುಗಳನ್ನೇ ನೋಡುತ್ತಿದ್ದೆ.