ವೀಸಾ ರದ್ದಾಯಿತು, ಪಾಸ್‌ವರ್ಡ್?

2019ರ ಡಿಸೆಂಬರ್ 31ರಂದು ವಿದೇಶಿ ವಿನಿಮಯ ಸಂಸ್ಥೆ ಟ್ರಾವೆಲೆಕ್ಸ್‌ನ ಕಂಪ್ಯೂಟರುಗಳಿಗೆ, ಕಡತಗಳಿಗೆ ಬೀಗ ಜಡಿದು ಹಣ ಕೇಳುವ ರ‍್ಯಾನ್ಸಮ್‌ವೇರ್ ಬಡಿಯಿತು. ಹಣ ಬದಲಿಸುವ ಕೌಂಟರುಗಳಲ್ಲಿ ಸಿಬ್ಬಂದಿ ಪೆನ್ನು, ಕಾಗದ ಹಿಡಿದು ಕೂತರು. ಲಂಡನ್ನಿನ ಈ ಸಂಸ್ಥೆಯ ಒಡೆತನ ಆಗ ಫಿನಾಬ್ಲರ್ ಸಮೂಹದ್ದು. ಆ ಸಮೂಹವನ್ನು ಕಟ್ಟಿದವರು 1973ರಲ್ಲಿ ಉಡುಪಿ ಸೀಮೆಯಿಂದ ಅಬುಧಾಬಿಗೆ ಹೋದ ಬಿ.ಆರ್. ಶೆಟ್ಟಿ. ಕಳ್ಳರಿಗೆ ಕೊನೆಗೆ ಸುಮಾರು 23 ಲಕ್ಷ ಡಾಲರ್ ಸಂದಾಯವಾಯಿತೆಂದು ವಾಲ್ ಸ್ಟ್ರೀಟ್ ಜರ್ನಲ್ ವರದಿ ಮಾಡಿತು.

ಭದ್ರತಾ ತಜ್ಞರು ಬೊಟ್ಟು ಮಾಡಿದ್ದು ಪಲ್ಸ್ ಸೆಕ್ಯೂರ್ ಎಂಬ ವಿಪಿಎನ್ ಕಡೆಗೆ. ಹೊರಗಿನಿಂದ ಕಚೇರಿ ಜಾಲಕ್ಕೆ ಸೇರಿಸುವ ಈ ವ್ಯವಸ್ಥೆಯಲ್ಲೊಂದು ತೂತಿತ್ತು. ಲಾಗಿನ್ ಆಗದವರೂ ಅದರ ಮೂಲಕ ಸಿಬ್ಬಂದಿಯ ಪಾಸ್‌ವರ್ಡ್ ಓದಬಹುದಿತ್ತು. ತಯಾರಕರು 2019ರ ಏಪ್ರಿಲ್‌ನಲ್ಲೇ ತೇಪೆ ಕೊಟ್ಟಿದ್ದರು. ಆದರೆ ತೇಪೆ ಹಾಕಿದ ಮೇಲೂ ಕದ್ದ ಪಾಸ್‌ವರ್ಡ್ ಬಳಸಿ ಕಳ್ಳರು ಒಳಬರುತ್ತಿದ್ದಾರೆ ಎಂದು ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ 2020ರ ಏಪ್ರಿಲ್‌ನಲ್ಲಿ ಎಚ್ಚರಿಸಿತು. ಬಾಗಿಲು ರಿಪೇರಿಯಾಗಿತ್ತು, ಕೀಲಿಕೈ ಹಳೆಯದೇ!

ದುಬೈನ ದೇರಾದ ಟ್ರೇಡಿಂಗ್ ಕಂಪನಿಗೂ ಅಬುಧಾಬಿಯ ಮುಸಫ್ಫಾದ ವರ್ಕ್‌ಶಾಪಿಗೂ ಇದು ದೂರದ ಮಾತಲ್ಲ. ಕೆಲಸ ಬಿಡುವ ಅಕೌಂಟೆಂಟನ ವೀಸಾ ಕ್ಯಾನ್ಸಲ್ ಮಾಡಿಸಲು ಮಾಲೀಕರು ಮರೆಯುವುದಿಲ್ಲ, ಸರ್ಕಾರ ಬಿಡುವುದೂ ಇಲ್ಲ. ಆತನ ಕೈಯಲ್ಲಿದ್ದ ಇಮೇಲ್ ಮತ್ತು ಬಿಲ್ಲಿಂಗ್ ಸಾಫ್ಟ್‌ವೇರಿನ ಪಾಸ್‌ವರ್ಡನ್ನು ಕೇಳುವವರು ಯಾರು? ಅದು ವಾಟ್ಸ್‌ಆ್ಯಪ್ ಗುಂಪಿನಲ್ಲೇ ಬಿದ್ದಿದ್ದರಂತೂ ಮುಗಿಯಿತು.

ಮೂರು ತಿಂಗಳಿಗೊಮ್ಮೆ ಎಲ್ಲರೂ ಪಾಸ್‌ವರ್ಡ್ ಬದಲಿಸಲಿ ಎಂಬ ಹಳೆಯ ಕಟ್ಟಳೆಯೂ ಕೆಲಸಕ್ಕೆ ಬರುವಂಥದ್ದಲ್ಲ. ಜನ ಕೊನೆಯ ಅಂಕಿ ಒಂದನ್ನು ಎರಡು ಮಾಡಿ ಸುಮ್ಮನಾಗುತ್ತಾರೆ. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2017ರಲ್ಲೇ ಇದನ್ನು ಕೈಬಿಟ್ಟು, ಸೋರಿಕೆಯ ಸುಳಿವು ಸಿಕ್ಕಾಗ ಬದಲಿಸಿ ಎಂದಿತು. ಅದು ಒತ್ತು ಕೊಡುವುದು ಉದ್ದಕ್ಕೆ. ಸಂಬಂಧವಿಲ್ಲದ ನಾಲ್ಕೈದು ಪದ ಸೇರಿಸಿದರೆ ನೆನಪಿಗೂ ಸುಲಭ, ಊಹಿಸಲೂ ಕಷ್ಟ. ದುಬೈ ಹೆಸರಿಗೆ ಇಸವಿ ಅಂಟಿಸಿದ್ದು ಪಾಸ್‌ವರ್ಡೇ ಅಲ್ಲ. ಪ್ರತಿ ಖಾತೆಗೂ ಬೇರೆ ಬೇರೆ ಇರಬೇಕಾದ್ದರಿಂದ ಬಿಟ್‌ವಾರ್ಡನ್‌ನಂಥ ಪಾಸ್‌ವರ್ಡ್ ಮ್ಯಾನೇಜರ್ ಬೇಕೇ ಬೇಕು. ನೌಕರ ಹೊರಟ ದಿನ ಅದರಲ್ಲಿ ಅವನ ಪ್ರವೇಶ ಮುಚ್ಚಿ, ಅವನಿಗೆ ಗೊತ್ತಿದ್ದವನ್ನೆಲ್ಲ ಬದಲಿಸಬಹುದು.

ಪಾಸ್‌ವರ್ಡ್ ಬೇಡದ ಯುಎಇ ಪಾಸ್ ಆ್ಯಪ್‌ನಿಂದ ಸರ್ಕಾರಿ ಸೇವೆಗಳ ಲಾಗಿನ್ ಈಗ ಮೊಬೈಲಿನಲ್ಲೇ ಆಗುತ್ತದೆ. ಕಂಪನಿಯ ಇಮೇಲಿಗೆ ಆ ಭಾಗ್ಯ ತಾನಾಗಿ ಬರುವುದಿಲ್ಲ. ಎರಡು ಹಂತದ ದೃಢೀಕರಣವನ್ನು ಮಾಲೀಕರೇ ಹಾಕಿಸಬೇಕು. ಮುಂದಿನ ಬಾರಿ ವೀಸಾ ಕ್ಯಾನ್ಸಲ್ ಕಾಗದಕ್ಕೆ ಸಹಿ ಹಾಕುವ ಮೊದಲು ಆ ನೌಕರನ ಲಾಗಿನ್‌ಗಳ ಪಟ್ಟಿ ತರಿಸಿಕೊಳ್ಳಿ.